ಐಸ್ ಮೇಲಿನ ಕ್ರಿಕೆಟ್ ಪ್ಯಾಡ್

ಹೋದ ತಿಂಗಳು ನನ್ನ ಮಗ ಚರಿತ್ರೆಯಿಂದ ಹೊರಗೆ ಬಿದ್ದ. ಯಾರೂ ತಳ್ಳಲಿಲ್ಲ. ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ತನ್ನ ಹೆಸರಿದ್ದ ಕಡೆಯಲ್ಲೆಲ್ಲ ತಾನೇ ಡಿಲೀಟ್ ಒತ್ತಿದ. ಆಮೇಲೆ, "ಅಮ್ಮಾ, ದೋಸೆ ಹಿಟ್ಟು ಉಂಟಾ?" ಎಂದು ಕೇಳಿದ.

ಯಾವ ಚರಿತ್ರೆ ಎನ್ನುತ್ತೀರಾ? ಒಮಾನಿನ ಜೂನಿಯರ್ ಐಸ್ ಹಾಕಿ ತಂಡದ ಚರಿತ್ರೆ. ನಗಬೇಡಿ. (ನಕ್ಕರೂ ಪರವಾಗಿಲ್ಲ, ಮೊದಲ ದಿನ ನಾನೂ ನಕ್ಕವಳೇ.) ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಈ ದೇಶದಲ್ಲಿ ಒಂದು ಮಾಲ್. ಅದರೊಳಗೆ ಮಂಜುಗಡ್ಡೆಯ ಅಂಗಳ, ರಿಂಕ್ ಎನ್ನುತ್ತಾರೆ. ಅಲ್ಲಿ ಮಕ್ಕಳು ಕಾಲಿಗೆ ಬ್ಲೇಡಿನ ಶೂ ಕಟ್ಟಿಕೊಂಡು, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅಟ್ಟಿಸಿಕೊಂಡು ಹೋಗುತ್ತಾರೆ. ಆಟ ಮುಗಿಸಿ ಪಾರ್ಕಿಂಗಿಗೆ ಬಂದ ಕೂಡಲೇ ಕನ್ನಡಕಕ್ಕೆ ಹಬೆ ಹಿಡಿದು ಏನೂ ಕಾಣುವುದಿಲ್ಲ.

ಚರಿತ್ರೆ ಬರೆದುಕೊಡಿ ಎಂದವರು ಕೋಚ್ ನಾಸಿರ್. ಒಮಾನಿನವರು. ಯಾವುದೋ ಚಳಿ ದೇಶದಲ್ಲಿ ಓದುವಾಗ ಈ ಆಟದ ಹುಚ್ಚು ಹಿಡಿಸಿಕೊಂಡು ಬಂದವರು. ಇಲ್ಲಿ ತಾಯಂದಿರನ್ನು ಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ನನ್ನ ಮಗ ಪವನ್. ಹಾಗಾಗಿ ನಾನು ಪವನನ ತಾಯಿ, ಉಮ್ ಪವನ್. ಅರಬ್ಬಿಯಲ್ಲಿ ‘ಪ’ ಇಲ್ಲ, ಅವರ ಬಾಯಲ್ಲಿ ಅದು ಉಮ್ ಬವನ್. ಮಗನೂ ರಿಂಕ್‌ನಲ್ಲಿ ಬವನ್ ಎಂದರೇ ತಿರುಗಿ ನೋಡುವುದು.

"ಉಮ್ ಬವನ್, ನೀವು ಪೇಪರಿಗೆ ಬರೆಯುವವರು," ಎಂದರು ಕೋಚ್. "ನಮ್ಮ ಹುಡುಗರು ಮೊದಲ ಸಲ ಹೊರದೇಶಕ್ಕೆ ಟೂರ್ನಮೆಂಟಿಗೆ ಹೋಗುತ್ತಿದ್ದಾರೆ. ಅಲ್ಲಿ ಹಂಚುವ ಬುಕ್‌ಲೆಟ್‌ಗೆ ಟೀಮಿನ ಹಿಸ್ಟರಿ ಒಂದು ಪೇಜ್ ಬೇಕು."

"ನಾನು ಬರೆಯುವುದು ಕನ್ನಡದಲ್ಲಿ ಕೋಚ್."

"ಬರೆಯುವುದು ಬರೆಯುವುದೇ ಅಲ್ಲವಾ?"

ಕನ್ನಡದ ಅಂಕಣಕ್ಕೆ ಇಷ್ಟು ಮರ್ಯಾದೆ ನನಗೆ ಊರಿನಲ್ಲಿಯೂ ಸಿಕ್ಕಿಲ್ಲ. ಒಪ್ಪಿಕೊಂಡೆ.

ಒಪ್ಪಲು ಇನ್ನೊಂದು ಕಾರಣವೂ ಇತ್ತು. ಈ ಟೂರ್ನಮೆಂಟಿಗೆ ಪವನ್ ಹೋಗುತ್ತಿಲ್ಲ. ಅವನು ಆಡಲು ಶುರು ಮಾಡಿದಾಗ ಅದು ಬರೀ ಮಕ್ಕಳ ಗುಂಪು, ಈಗ ನ್ಯಾಷನಲ್ ಟೀಮ್. ನ್ಯಾಷನಲ್ ಎಂದ ಕೂಡಲೇ ಪಾಸ್‌ಪೋರ್ಟ್ ತೋರಿಸಬೇಕು. ಮಗ ಹುಟ್ಟಿದ್ದು ಮಸ್ಕತ್ತಿನ ಆಸ್ಪತ್ರೆಯಲ್ಲಿ, ಬೆಳೆದದ್ದು ಅಲ್ ಮವಾಲೇಹ್‌ನ ಫ್ಲಾಟಿನಲ್ಲಿ. ಆದರೆ ಪಾಸ್‌ಪೋರ್ಟ್ ಭಾರತದ್ದು. ಆ ಮಾತನ್ನು ಕೋಚ್ ಹೇಳಿದ ದಿನ ಅವನು ಅಳಲಿಲ್ಲ. ಕಾರಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಮನೆ ಹತ್ತಿರ ಬಂದಾಗ, "ಅಟ್‌ಲೀಸ್ಟ್ ಹಿಸ್ಟರಿಯಲ್ಲಿ ಇರ್ತೇನಲ್ಲ ಅಮ್ಮಾ," ಎಂದ.

ಅಷ್ಟೇ ಅವನ ಆಸೆ. ಅದನ್ನು ಬರೆಯುವ ಕೆಲಸ ನನ್ನ ಕೈಗೇ ಬಂದಾಗ ನಾನು ಬೇಡ ಎನ್ನುತ್ತೇನೆಯೇ?

ಬರೆಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಟೀಮು ಹುಟ್ಟಿದ್ದೇ ನನ್ನ ಕಣ್ಣೆದುರು. ಶುಕ್ರವಾರ ಬೆಳಿಗ್ಗೆ, ಮಾಲ್ ತೆರೆಯುವ ಮೊದಲು, ಒಂದಷ್ಟು ಮಕ್ಕಳು ಸೇರುತ್ತಿದ್ದರು. ಕೆನಡಾದ ಎಂಜಿನಿಯರ್ ಒಬ್ಬರ ಮಕ್ಕಳು, ಫಿಲಿಪೀನ್ಸಿನವರು, ಅಲ್ ಖೌದ್ ಕಡೆಯ ಒಮಾನಿ ಮಕ್ಕಳು. ಗೋಲಿಗೆ ನೆಟ್ ಇರಲಿಲ್ಲ, ರಸ್ತೆ ರಿಪೇರಿಗೆ ಇಡುವ ಕೇಸರಿ ಕೋನ್‌ಗಳನ್ನು ಇಟ್ಟುಕೊಂಡಿದ್ದರು. ಯಾರದ್ದೋ ಬರ್ತ್‌ಡೇ ಪಾರ್ಟಿಗೆ ಹೋಗಿದ್ದ ಪವನ್, ಜಾರುವ ರುಚಿ ಹತ್ತಿ ಅಲ್ಲಿಗೆ ಹೋಗತೊಡಗಿದ. ಜಾರಲು ಮಾತ್ರ ಬರುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದ.

ಗೋಲಿನಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಕೋಚ್ ಇವನನ್ನು ಕರೆದು, ನೀನು ನಿಲ್ಲು, ಗೋಲ್‌ಕೀಪರ್ ಓಡಾಡಬೇಕಾಗಿಲ್ಲ ಎಂದರು. (ಶುದ್ಧ ಸುಳ್ಳು. ಎಲ್ಲರಿಗಿಂತ ಚೆನ್ನಾಗಿ ಕಾಲು ಆಡಬೇಕಾದದ್ದು ಅವನದೇ.) ಮುಂದಿನ ವಾರ ಬರುವಾಗ ಪ್ಯಾಡ್ ತನ್ನಿ ಎಂದು ನನಗೆ ಹೇಳಿದರು.

ನಾನು ರೂವಿಯ ಸ್ಪೋರ್ಟ್ಸ್ ಅಂಗಡಿಗೆ ಹೋಗಿ, ಹುಡುಗನ ಕಾಲಿಗೆ ಪ್ಯಾಡ್ ಕೊಡಿ ಎಂದೆ. ನಮ್ಮ ಕಡೆಯ ತಾಯಿ ನಮ್ಮ ಕಡೆಯ ಅಂಗಡಿಯವನ ಹತ್ತಿರ ಪ್ಯಾಡ್ ಕೇಳಿದರೆ ಅವನು ಕೊಡುವುದೇನು? ಬಿಳಿ ಬಣ್ಣದ ಕ್ರಿಕೆಟ್ ಪ್ಯಾಡ್. ನನಗೂ ಅನುಮಾನ ಬರಲಿಲ್ಲ. ಬ್ಯಾಟ್ ಬೇಡವಾ ಎಂದು ಅವನು ಕೇಳಿದಾಗಲೂ ಬರಲಿಲ್ಲ.

ಆ ಶುಕ್ರವಾರ ಮಗ ಓಪನಿಂಗ್ ಬ್ಯಾಟ್ಸ್‌ಮನ್ ತರ ಐಸ್ ಮೇಲೆ ಇಳಿದ. ಕೋಚ್ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಯಲ್ಲಾ, ನಡಿ ನಡಿ, ಇದರಲ್ಲೇ ಆಡು," ಎಂದರು. ಊರಿಗೆ ವಾಪಸ್ ಹೊರಟ ಒಂದು ಸಂಸಾರ ಗೋಲ್‌ಕೀಪರಿನ ನಿಜವಾದ ಪ್ಯಾಡ್ ಬಿಟ್ಟುಹೋಗುವವರೆಗೂ ಅದರಲ್ಲೇ ಆಡಿದ. ಆಟ ಮುಗಿದ ಮೇಲೆ ಅದನ್ನು ನಮ್ಮ ಬಾಲ್ಕನಿಯಲ್ಲಿ ಏಸಿಯ ಔಟ್‌ಡೋರ್ ಯುನಿಟ್ ಎದುರು ಇಟ್ಟರೆ ಸಾಕು, ದೋಸೆ ಹೊಯ್ಯುವಷ್ಟರಲ್ಲಿ ಒಣಗುತ್ತಿತ್ತು. ವಾಸನೆ ಮಾತ್ರ ಕೊನೆಗೂ ಹೋಗಲಿಲ್ಲ.

ಇದನ್ನೆಲ್ಲ ಬರೆದೆ. ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ಪವನ್ ಮೊದಲ ಗೋಲ್‌ಕೀಪರ್ ಎಂದು ಬರೆದೆ. ಈಗಿನ ಗೋಲ್‌ಕೀಪರ್ ಸಲೀಮನಿಗೆ ಕಲಿಸಿದವನೂ ಅವನೇ ಎಂದು ಬರೆದೆ. ಅದು ಸತ್ಯ. ಸಲೀಮ್ ಅವನ ಗೆಳೆಯ, ನಮ್ಮ ಮನೆಯ ನೀರ್‌ದೋಸೆ ತಿಂದು ಬೆಳೆದವನು. ತನ್ನ ಜಾಗಕ್ಕೆ ಅವನು ಎಂದು ಗೊತ್ತಾದ ಮೇಲೂ ಪವನ್ ದಿನಾ ಹೋಗಿ, ಬಲಗಡೆ ಬಂದ ಪಕ್‌ಗೆ ಹೇಗೆ ಬೀಳಬೇಕೆಂದು ಹೇಳಿಕೊಟ್ಟ. ನಾನು ಅವನ ಪ್ರಾಯದಲ್ಲಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಕೋಚ್ ಪುಟ ಓದಿದ ಮೇಲೆ ನಮ್ಮಿಬ್ಬರನ್ನೂ ಮಾಲ್‌ನ ಚಹಾದಂಗಡಿಗೆ ಕರೆದರು. ಕರಕ್ ಚಹಾ ಹೇಳಿದರು. ಚೆನ್ನಾಗಿದೆ ಎಂದರು. ಆಮೇಲೆ ಪವನ್ ಎಂಬ ಹೆಸರಿನ ಕೆಳಗೆ ಬೆರಳಿಟ್ಟರು.

"ನ್ಯಾಷನಲ್ ಟೀಮಿನ ಹಿಸ್ಟರಿಯಲ್ಲಿ ಈ ಹೆಸರು ಇದ್ದರೆ, ಇವನು ಯಾವ ಪಾಸ್‌ಪೋರ್ಟಿನಲ್ಲಿ ಆಡಿದ ಎಂದು ಅಲ್ಲಿ ಯಾರಾದರೂ ಕೇಳುತ್ತಾರೆ. ಉತ್ತರ ಹೇಳುತ್ತಾ ಕೂತರೆ ಮಕ್ಕಳ ಟೂರ್ನಮೆಂಟೇ ಹಾಳಾಗುತ್ತದೆ ಸಿಸ್ಟರ್."

"ಆಗ ಅದು ನ್ಯಾಷನಲ್ ಟೀಮೇ ಆಗಿರಲಿಲ್ಲವಲ್ಲ ಕೋಚ್?"

"ಅದೇ ನಾನೂ ಹೇಳುವುದು. ಟೀಮ್ ಆಗುವ ಮೊದಲಿನದು ಹಿಸ್ಟರಿ ಅಲ್ಲ."

"ಮತ್ತೆಂತ ಅದು?"

ಕೆಟ್ಟವರಲ್ಲ ಅವರು. ರೂಲ್ ಅವರು ಮಾಡಿದ್ದಲ್ಲ. ಚಹಾ ತಣ್ಣಗಾಗುವವರೆಗೆ ಕಪ್ಪನ್ನು ತಿರುಗಿಸುತ್ತಿದ್ದರು. ಕೊನೆಗೆ, "ಪ್ಯಾಡಿನ ಕತೆ ಇರಲಿ. ಅದು ಎಲ್ಲರಿಗೂ ಇಷ್ಟವಾಗುತ್ತದೆ," ಎಂದರು.

ಮನೆಗೆ ಬಂದು ನಾನು ಕೂಗಾಡಿದೆ. ಬರೆದುಕೊಡುವುದೇ ಇಲ್ಲ ಎಂದೆ. ದೂರದ ಇಬ್ರಿ ಎಂಬ ಊರಿನಲ್ಲಿ ಸೈಟ್ ಕೆಲಸದಲ್ಲಿರುವ ಗಂಡನಿಗೆ ಫೋನ್ ಮಾಡಿದರೆ, "ಖಲಾಸ್ ಮಾಡು ಮಾರಾಯ್ತಿ. ಆಟ ತಾನೆ?" ಎಂದರು. ಅವರು ಹಾಗೆ ಹೇಳಿ ಹೇಳಿಯೇ ಇಷ್ಟು ವರ್ಷ ಇಲ್ಲಿ ನೆಮ್ಮದಿಯಿಂದ ಇದ್ದಾರೆ.

ಆಗ ಲ್ಯಾಪ್‌ಟಾಪ್ ಎಳೆದುಕೊಂಡವನು ಪವನ್. ಹೆಸರು ತೆಗೆದ. "ನಾವು" ಇದ್ದಲ್ಲೆಲ್ಲ "ಅವರು" ಮಾಡಿದ. ಈಗ ಆ ಪುಟದಲ್ಲಿ, ಶುರುವಿನಲ್ಲಿ ಗೋಲ್‌ಕೀಪರ್ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಆಡುತ್ತಿದ್ದ ಎಂದಷ್ಟೇ ಇದೆ. ಯಾರು, ಎಲ್ಲಿಯವನು, ಅವನಿಗೆ ಅದು ಎಲ್ಲಿಂದ ಬಂತು, ಏನೂ ಇಲ್ಲ. ಪ್ಯಾಡ್ ಉಳಿಯಿತು, ಕಾಲು ಹೋಯಿತು.

ನನಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯುತ್ತಿಲ್ಲ. ಈ ದೇಶ ನಮಗೆ ಕೊಟ್ಟದ್ದು ಕಡಿಮೆಯಲ್ಲ. ನಾವು ಕೆಲಸಕ್ಕೆ ಬಂದವರು, ಒಂದು ದಿನ ಹೋಗುವವರು ಎಂದು ಬಂದ ದಿನವೇ ಗೊತ್ತಿತ್ತು. ಆದರೆ ಮಗ ಬಂದವನಲ್ಲವಲ್ಲ. ಅವನು ಇಲ್ಲಿ ಇದ್ದವನು. ಅವನಿಗೆ ಹೋಗುವುದೇ ಮೊದಲ ವಲಸೆ.

ಊರಿನಲ್ಲಿ ನಾವೇನು ಕಡಿಮೆಯೇ? ನಮ್ಮ ಪೇಟೆಯಲ್ಲೇ ಹುಟ್ಟಿ ನಮ್ಮದೇ ಶಾಲೆಗೆ ಹೋದ ಹುಡುಗನನ್ನು ಹಿಡಿದು, ನಿಮ್ಮದು ನಿಜವಾಗಿ ಯಾವ ಊರು ಎಂದು ಎಷ್ಟು ಸಲ ಕೇಳಿಲ್ಲ? ಆ ‘ನಿಜವಾಗಿ’ ಎಂಬ ಮಾತು ಎಷ್ಟು ಚುಚ್ಚುತ್ತದೆಂದು ಈಗ ಗೊತ್ತಾಗುತ್ತಿದೆ.

ಕಾರ್ಕಳದಲ್ಲಿರುವ ನನ್ನ ಅಮ್ಮನಿಗೆ ವಿಷಯ ಹೇಳಿದೆ. "ಇಂಡಿಯಾಕ್ಕೆ ಆಡ್ಲಿ ಹಾಗಾದ್ರೆ," ಎಂದರು. ಸುಲಭವಾಯಿತು. ಭಾರತದಲ್ಲಿ ಈ ಆಟ ಇರುವುದು ಲಡಾಖಿನ ಕಡೆ. ರಜೆಯಲ್ಲಿ ಕಾರ್ಕಳಕ್ಕೆ ಹೋಗಿ ಸೆಕೆ ಎಂದು ಬೊಬ್ಬೆ ಹೊಡೆದು ಬರುವ ಹುಡುಗನನ್ನು ಅಲ್ಲಿ ಯಾರು ಕೇಳುತ್ತಾರೆ? ಅಲ್ಲಿಯೂ ಮೊದಲ ಪ್ರಶ್ನೆ, ನಿಜವಾಗಿ ಎಲ್ಲಿಯವನು.

ಅಮ್ಮ ಎಂದಾಗ ಹಳೆಯದೊಂದು ನೆನಪಾಯಿತು. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡು. ‘ನಮ’ ಎಂದರೆ ಕೇಳುತ್ತಿರುವ ನೀವೂ ಸೇರಿ ನಾವು. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಇಂಗ್ಲಿಷಿನ ‘ವಿ’ ಕಲಿತು ಬೆಳೆದ ಇಲ್ಲಿಯ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಹತ್ತುವುದೇ ಇಲ್ಲ, ಸಿಕ್ಕಿದ ಕಡೆಯೆಲ್ಲ ನಮ, ನಮ.

ಪವನ್ ಚಿಕ್ಕವನಿದ್ದಾಗ ಅಜ್ಜಿಗೆ ಫೋನ್ ಮಾಡಿ, ಇವತ್ತು ಹಾಕಿಯಲ್ಲಿ ‘ನಮ’ ಗೆದ್ದೆವು ಎಂದಿದ್ದ. ಅಮ್ಮ ಬಿಡುತ್ತಾರೆಯೇ? "ನಾನು ಯಾವಾಗ ಬಂದೆ ಮಗಾ ಆಡ್ಲಿಕ್ಕೆ? ಈ ಮಂಡಿನೋವಲ್ಲಿ ನನ್ನನ್ನು ಐಸಿನ ಮೇಲೆ ಓಡಿಸಿದ್ಯಾ?" ಎಂದು ನಕ್ಕು, ಅಜ್ಜಿ ಹೊರಗಿರುವುದರಿಂದ ಅಲ್ಲಿ ‘ಎಂಕುಲು’ ಅನ್ನಬೇಕೆಂದು ತಿದ್ದಿದ್ದರು. ಅವನು ಒಪ್ಪಲಿಲ್ಲ. ಅಜ್ಜಿಯೂ ಟೀಮಲ್ಲಿ ಇರಲಿ ಎಂದ. ಎಷ್ಟೋ ವರ್ಷ ಹಾಗೇ ತಪ್ಪಾಗಿ ಹೇಳುತ್ತಿದ್ದ.

ಆಮೇಲೆ ಯಾವಾಗಲೋ ಸರಿಯಾಗಿ ಕಲಿತ. ನನಗೆ ಖುಷಿಯಾಗಿತ್ತು. ಈಗ ಯೋಚಿಸಿದರೆ ಅವನು ಅದನ್ನು ಕಲಿಯದೇ ಇದ್ದಿದ್ದರೇ ಒಳ್ಳೆಯದಿತ್ತೇನೋ ಅನ್ನಿಸುತ್ತದೆ.

ತಂಡ ಹೊರಟ ದಿನ ಏರ್‌ಪೋರ್ಟಿಗೆ ಹೋಗಿ ಎಲ್ಲರನ್ನೂ ತಬ್ಬಿಕೊಂಡು ಬಂದ. ಸಲೀಮನ ಗ್ಲೌಸಿನ ಪಟ್ಟಿ ಸಡಿಲವಿತ್ತಂತೆ, ಅಲ್ಲೇ ಕೂತು ಹೊಲಿದುಕೊಟ್ಟನಂತೆ. ಮನೆಗೆ ಬಂದು ತನ್ನ ಪ್ಯಾಡುಗಳನ್ನು ಬಾಲ್ಕನಿಯಲ್ಲಿ ಒಣಗಲು ಇಟ್ಟ. ಅವು ಒದ್ದೆಯಾಗಿರಲಿಲ್ಲ.

ನಿನ್ನೆ ಸಂಜೆ ನಾನು ಬಟ್ಟೆ ಮಡಚುತ್ತಿದ್ದೆ. ಅವನ ಮೊಬೈಲ್ ಸದ್ದಾಯಿತು. ಮೊದಲ ಮ್ಯಾಚ್ ಮುಗಿದು ಸಲೀಮ್ ಫೋಟೋ ಕಳಿಸಿದ್ದ. ಬಾವುಟ ಹೊದ್ದುಕೊಂಡು ಎಲ್ಲ ಮಕ್ಕಳೂ ನಗುತ್ತಿದ್ದರು. ಕೆಳಗೆ ಒಂದೇ ಸಾಲು, "ವಿ ವನ್, ಬವನ್."

ಮಗ ಅದನ್ನು ತುಂಬಾ ಹೊತ್ತು ನೋಡಿದ. ಫೋಟೋ ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ. ಉತ್ತರ ಟೈಪ್ ಮಾಡಲು ಹೊರಟು ನಿಲ್ಲಿಸಿದ. ಆಮೇಲೆ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದ:

"ಅಮ್ಮಾ, ಈ ‘ವಿ’ ಅಂದ್ರೆ ನಮನಾ, ಎಂಕುಲಾ?"