ಪವರ್‌ಲೂಮಿನ ನಡುವೆ ಒಂದು ಗೆರೆ

ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿ ಕಡಿಮೆ. ಆದರೂ ಪವರ್‌ಲೂಮ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬುದು ನನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನಲ್ಲವೇ! ಪವರ್ ಬೇರೆ, ಲೂಮ್ ಬೇರೆ, ನಡುವೆ ಸಣ್ಣ ಅಡ್ಡಗೆರೆ. ಶಾಲೆಯಲ್ಲಿದ್ದಾಗ ಯಾವುದೋ ಪುಸ್ತಕದಲ್ಲಿ ಹಾಗೆ ನೋಡಿದ್ದೆ. ನನ್ನ ವಿದ್ಯೆಯ ಬಂಡವಾಳ ಅಷ್ಟೇ.

ಹೋದ ವರ್ಷ ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಸೀರೆ ಅಂಗಡಿ ತೆರೆದಳು. ಬೋರ್ಡನ್ನು ತಾನೇ ಜಮಖಂಡಿಗೆ ಹೋಗಿ ಮಾಡಿಸಿ ತಂದಿದ್ದಳು. ಪೂಜೆ ಮುಗಿದಿತ್ತು. ಓಣಿಯ ಹೆಂಗಸರು ಮೊದಲ ವ್ಯಾಪಾರ ಮಾಡಿ ಬೋಣಿ ಮಾಡಿಸಲು ಕುಳಿತಿದ್ದರು. ಆಗ ನನ್ನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಇಂಗ್ಲಿಷಿನಲ್ಲಿ ಬರೆಸಿದ್ದ ಪವರ್‌ಲೂಮ್ ಪದ ನಡುವೆ ಗೆರೆಯಿಲ್ಲದೆ ಕೂಡಿಕೊಂಡಿತ್ತು.

"ಕಾಲೇಜಿನಾಗ ಇದನ್ನ ಕಲಿಸ್ಯಾರೇನು? ನಡುವ ಗೆರಿ ಎಲ್ಲೈತಿ?"

"ಈಗ ಎರಡೂ ನಡೀತಾವ್ರಿ ಮಾವಾರ," ಎಂದಳು ಮೆಲ್ಲಗೆ.

"ಮಂದಿ ನಗ್ತಾರ. ಮೊದಲ ಇಳಿಸು."

ಚಹಾಕ್ಕೆ ಬಂದಿದ್ದ ನನ್ನ ಗೆಳೆಯರಿಬ್ಬರು ಜಗಳಕ್ಕೆ ಇಳಿದರು.

"ಮಗ್ಗದ ಲೈಟ್ ಬಿಲ್ಲಿನಾಗ ಗೆರಿ ಇಲ್ಲಲೇ," ಎಂದನೊಬ್ಬ.

"ಬಿಲ್ ಕೊಡಾಂವ ನಿನಗಿಂತ ಶ್ಯಾಣ್ಯಾ ಅಂತ ಯಾರ್ ಹೇಳಿದ್ರು?" ಎಂದ ಇನ್ನೊಬ್ಬ.

ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ನೆಟ್ಟಗೆ ಬರೆಯಲಾರದ ಪಂಡಿತರು! ಅವರ ಮುಖಂಡ ನಾನು. ಸ್ಟೂಲ್ ತರಿಸಿ ಬೋರ್ಡ್ ಬಿಚ್ಚುವಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಬೋಣಿಯೇ ತಪ್ಪಿದ ಅಂಗಡಿ ಎಂಬ ಮಾತು ಸಂಜೆಯೊಳಗೆ ಓಣಿ ದಾಟಿತ್ತು. ಮರುದಿನ ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಹೆಂಗಸರು ಸೆರಗು, ಅಂಚು ನೋಡಲು ಬಂದವರು. ಬೋರ್ಡಿನಲ್ಲಿ ಕೋಳಿ ಕೆದರಿದಂತೆ ಬರೆದಿದ್ದರೂ ಅವರಿಗೆ ಏನೂ ಆಗುತ್ತಿರಲಿಲ್ಲ.

ಸೊಸೆ ಅತ್ತು ರಂಪ ಮಾಡಲಿಲ್ಲ. ಅಂಗಡಿಗೆಂದು ಪಕ್ಕದ ರಬಕವಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಮನೆಯಲ್ಲಿ ನನಗೆ ಊಟಕ್ಕೆ ನೀಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅಂಗಡಿಯ ಸುದ್ದಿ ಮಾತ್ರ ತೆಗೆಯುವುದಿಲ್ಲ. ಈ ಮೌನ ತಡೆಯಲಾರದೆ ಮೊನ್ನೆ ಅಲ್ಲಿಗೇ ಹೋದೆ. ಒಳಗೆ ಗಿರಾಕಿಗಳಿದ್ದರು. ಹತ್ತು ಮಂದಿಯ ಮುಂದೆ ಹಳಿದವನು ಮೂಲೆಯಲ್ಲಿ ಪಿಸುಗುಟ್ಟಿದರೆ ಆಗುತ್ತದೆಯೇ? ಎಲ್ಲರ ಎದುರಿಗೇ ಹೇಳಿದೆ:

"ಯವ್ವಾ, ಅವತ್ತ ನಿನ್ನ ಬೋಣಿ ಕೆಡಿಸಿದಾಂವ ನಾನ. ನಂದು ತಪ್ಪಾತು."

ಅವಳು ಗಿರಾಕಿಗೆ ತೋರಿಸುತ್ತಿದ್ದ ಸೀರೆಯ ಒಂದು ತುದಿಯನ್ನು ನನ್ನತ್ತ ಚಾಚಿದಳು.

"ಇದನ್ನ ಹಿಡೀರಿ ಮಾವಾರ, ನೆಲಕ್ಕ ತಾಗಾಕತ್ತೈತಿ. ಮಾತು ಆಮ್ಯಾಲ."

ಬಾಗಿಲು ಹಾಕುವವರೆಗೂ ಸೀರೆ ಹಿಡಿದೆ, ಮಡಿಚಿದೆ. ಅವಳು 'ಆಮ್ಯಾಲ' ಎಂದ ಮಾತು ಇನ್ನೂ ಬಂದಿಲ್ಲ. ನಾಳೆಯೂ ಹೋಗುತ್ತೇನೆ.