ಸಂತೆ ಚೀಲ ತುಂಬಿಸುವ ಮಹಾದೇವಮ್ಮ

ಬುಧವಾರದ ಬೆಳಗು. ವಿರಾಜಪೇಟೆ ಕಡೆಯ ಸರ್ಕಾರಿ ಆಸ್ಪತ್ರೆಯೊಂದರ ಅಂಗಳದಲ್ಲಿ ಮಂಜು ಇನ್ನೂ ಸರಿದಿಲ್ಲ. ಆಯಾ ಮಹಾದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿಸುತ್ತಿದ್ದಾರೆ. ಕೈ ಪೊರಕೆಯ ಮೇಲೆ, ಕಣ್ಣು ಗೇಟಿನ ಮೇಲೆ. ಬಾಳೆಲೆ ಊರಿನ ಮೊದಲ ಬಸ್ಸಿನಲ್ಲಿ ಬಂದ ಹೆಂಗಸೊಬ್ಬಳು ಖಾಲಿ ಸಂತೆ ಚೀಲ ಹಿಡಿದು ಒಳಗೆ ಬರುತ್ತಾಳೆ. ಗೋಡೆಯ ಫಲಕ ನೋಡಿದವಳೇ ಬಂದ ದಾರಿಗೇ ತಿರುಗುತ್ತಾಳೆ.

"ಏನವ್ವ, ಬಂದಿದ್ದೇ ತಡ ವಾಪಸ್ ಹೊಂಟ್ಬುಟ್ಟೆ? ಬಾ, ಕೂತ್ಕೊ." ಪೊರಕೆ ಬಿಸಾಕಿ ಓಡಿದ ಮಹಾದೇವಮ್ಮ ಅವಳ ಕೈ ಹಿಡಿದೇ ಬಿಡುತ್ತಾರೆ.

ಭ್ರೂಣಲಿಂಗ ಪತ್ತೆ ಅಪರಾಧ ಎನ್ನುವ ಫಲಕ ಅದು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್‌ನಲ್ಲಿ ಕೇಳಬಾರದು, ಅಷ್ಟೇ. ಓದು ಬಾರದವರಿಗೆ ಕಾಣುವುದು ಮಾತ್ರ ಚಿತ್ರ: ಒಂದು ಮಗು, ಪಕ್ಕದಲ್ಲಿ ಕೈಕೋಳ. ಗರ್ಭ ತೆಗೆಸಿದರೆ ಜೈಲು ಎಂದೇ ಕಾಫಿ ತೋಟದ ಲೈನುಗಳಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಎಷ್ಟೋ ಹೆಂಗಸರು ನಂಬಿದ್ದಾರೆ. ಹಾಗೆ ನಂಬಿ ಹಿಂದಿರುಗಿದವರು ಯಾರೋ ಅರೆದು ಕೊಟ್ಟ ಬೇರು ಕುಡಿಯುತ್ತಾರೆ. ಮಹಾದೇವಮ್ಮನ ಸ್ವಂತ ತಂಗಿ ತೀರಿಹೋದದ್ದೂ ಹಾಗೇ.

"ನಮ್ಮೂರು ಶನಿವಾರಸಂತೇಲಿ ಆಸ್ಪತ್ರೆ ನಮ್ಮನೆಗೆ ಕೂಗಳತೆ ದೂರ. ಪೊಲೀಸ್ ಹಿಡೀತಾರೆ ಅಂತ ಅವಳು ಹೋಗ್ಲೇ ಇಲ್ಲ."

ಇವತ್ತು ಬಂದವಳನ್ನು ಲಿಂಗಿ ಎನ್ನೋಣ. ಇದು ಅವಳ ಹೆಸರಲ್ಲ. ಕಾಫಿ ಪಿಕಿಂಗ್ ಕೆಲಸ, ಎರಡು ಮಕ್ಕಳು. ಕಳೆದ ಹೆರಿಗೆಯಲ್ಲಿ ರಕ್ತ ಹೋಗಿ ಜೀವ ಉಳಿದದ್ದೇ ಹೆಚ್ಚು. ಈಗ ಮತ್ತೆ ಮೂರು ತಿಂಗಳು. ಗಂಡ ಶುಂಠಿ ಕೆಲಸಕ್ಕೆಂದು ವಯನಾಡಿಗೆ ಹೋಗಿದ್ದಾನೆ, ಮನೆಯಲ್ಲಿರುವ ವಯಸ್ಸಾದ ಅತ್ತೆಗೆ ಸಂತೆಗೆಂದು ಹೇಳಿ ಬಂದಿದ್ದಾಳೆ. "ನನ್ನ ಜೈಲಿಗೆ ಹಾಕಿದ್ರೆ ಮಕ್ಕಳನ್ನ ಯಾರಕ್ಕ ನೋಡ್ತಾರೆ? ಅವರ ಅಪ್ಪನ ಸೈನೂ ಇಲ್ಲ," ಎಂದು ಬಿಕ್ಕುತ್ತಾಳೆ. ಪರೀಕ್ಷಿಸಿದ ಡಾಕ್ಟರ್ ಗಾನವಿ, "ಕಾನೂನು ಪ್ರಕಾರವೇ ಮಾಡೋದು, ಜೈಲಿಲ್ಲ. ಹದಿನೆಂಟು ವರ್ಷ ದಾಟಿದೆಯಲ್ಲಮ್ಮ, ನಿನ್ನ ಸೈನ್ ಒಂದೇ ಸಾಕು," ಎನ್ನುತ್ತಾರೆ.

ಪೇಟೆಯಲ್ಲಿ ಚರ್ಚೆಗೇನು ಬರವೇ? ಭ್ರೂಣಕ್ಕೆ ಜೀವವಿಲ್ಲವೇ ಎಂದು ಒಂದು ಕಡೆಯವರು, ಹೆರುವವಳ ತೀರ್ಮಾನವೇ ಕೊನೆ ಎಂದು ಇನ್ನೊಂದು ಕಡೆಯವರು ಮೈಕು ಹಿಡಿಯುತ್ತಾರೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಕೆಲವರಿಗೆ ಗಡುವನ್ನು ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರಕ್ಕೆ ಏರಿಸಿತು. ಮದುವೆಯಾಗದವರಿಗೂ ಅದು ಅನ್ವಯ ಎಂದು ಮರುವರ್ಷ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದರೂ ಕೊನೆಗೆ ವೈದ್ಯರು ಒಪ್ಪಬೇಕಲ್ಲ, ಇದೆಂಥ ಹಕ್ಕು ಎಂಬ ತಕರಾರು ಮುಗಿದಿಲ್ಲ.

ಮಹಾದೇವಮ್ಮ ಯಾವ ಕಡೆ? "ಯಾವ ಪಾರ್ಟಿನೂ ಅಲ್ಲಪ್ಪ. ಗರ್ಭ ತೆಗೆಸ್ತಾರೆ ಅಂದ್ರೆ ನಂಗೂ ಸಂಕಟನೇ. ಆದ್ರೆ ಹೊರೋಳು ನಾನಲ್ವಲ್ಲ!" ಬೆಂಚಿನಲ್ಲಿ ಕೂತು ಮನಸ್ಸು ಬದಲಿಸಿ, ಹೆತ್ತೇ ಹೆರುತ್ತೇನೆ ಎಂದು ಎದ್ದು ಹೋಗುವವರೂ ಉಂಟು. ಅವರನ್ನೂ ಇವರೇ ಬಸ್ಸಿಗೆ ಹತ್ತಿಸುತ್ತಾರೆ.

ಸೈನ್ ಹಾಕಿ ಲಿಂಗಿ ಒಳಗೆ ಮಲಗಿದ ಮೇಲೆ ಮಹಾದೇವಮ್ಮನ ಇನ್ನೊಂದು ಕೆಲಸ ಶುರು. ಬುಧವಾರ ತೋಟಕ್ಕೆ ರಜೆ, ಪೇಟೆಯಲ್ಲಿ ಸಂತೆ. ಸಂತೆಗೆಂದು ಹೇಳಿ ಬಂದವಳು ಖಾಲಿ ಚೀಲ ಹಿಡಿದು ಹೋದರೆ ಲೈನೇ ಎದ್ದು ಕೇಳುತ್ತದೆ. ಅದಕ್ಕೇ ಊಟದ ಹೊತ್ತಿನಲ್ಲಿ ಇವರು ಲಿಂಗಿಯ ಚೀಲ ಹಿಡಿದು ಸಂತೆಗೆ ಓಡುತ್ತಾರೆ. ಟೊಮೆಟೊ, ಹಸಿಮೆಣಸು, ಮಕ್ಕಳಿಗೆ ಖಾರ ತಿಂಡಿ. ಕೊನೆಗೆ, ಮೂಗಿಗೆ ಸೆರಗು ಒತ್ತಿಕೊಂಡು, ಒಣಮೀನು!

"ಲಿಂಗ ಕಟ್ಟಿಕೊಂಡೋಳು ನಾನು, ಸಿಗಡಿಗೆ ಚೌಕಾಸಿ ಮಾಡ್ತೀನಿ ನೋಡಿ! ಒಂದ್ಸಲ ಬರೀ ತರಕಾರಿ ತುಂಬಿಸಿ ಕಳಿಸ್ಬುಟ್ಟೆ. ಒಣಮೀನಿಲ್ದೆ ಇದೆಂಥ ಸಂತೆ ಅಂತ ಆ ಹುಡುಗಿ ಅತ್ತೆಗೆ ಅನುಮಾನ ಬಂತು. ಪಾಪ, ಏಟು ತಿಂದ್ಲು."

ಸಂಜೆ ಲಿಂಗಿ ಮೆಲ್ಲಗೆ ಹೊರಗೆ ಬರುತ್ತಾಳೆ. ಭಾರ ಎತ್ತಬಾರದೆಂದು ಡಾಕ್ಟರ್ ಹೇಳಿದ್ದಾರೆ. ಚೀಲ ಹೊತ್ತು ಬಸ್ಸಿನವರೆಗೂ ಹೋದ ಮಹಾದೇವಮ್ಮ, ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ ತಕ್ಷಣ ಬಾ ಎಂದು ಕಿಟಕಿಯಲ್ಲಿ ಮತ್ತೊಮ್ಮೆ ಹೇಳುತ್ತಾರೆ.

ಮುಂದಿನ ವಾರ ಬಸ್ ನಿಲ್ದಾಣದಲ್ಲಿ ಲಿಂಗಿ ಎದುರಾಗುತ್ತಾಳೆ. ಒಂದು ಮಗು ಕಂಕುಳಲ್ಲಿ, ಇನ್ನೊಂದರ ಕೈ ಹಿಡಿದು, ಪಕ್ಕದಲ್ಲಿ ಅತ್ತೆ. ಮಹಾದೇವಮ್ಮನನ್ನು ಕಂಡದ್ದೇ ಮುಖ ಆಚೆ ತಿರುಗಿಸಿ, ಗುರುತೇ ಇಲ್ಲದವಳಂತೆ ದಾಟಿ ಹೋಗುತ್ತಾಳೆ. ಬೇಜಾರಾಗಲಿಲ್ಲವೇ ಎಂದರೆ ಮಹಾದೇವಮ್ಮ ನಕ್ಕುಬಿಡುತ್ತಾರೆ.

"ಮುಖ ತಿರುಗಿಸ್ಕೊಂಡೇ ಹೋಗ್ಲಿ ಬಿಡಿ. ನಡ್ಕೊಂಡು ಹೋದ್ಲಲ್ಲ."