ಹಿಂದಕ್ಕೆ ಹೊರಟ ಕಾರು

ಹೆಂಡತಿ ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಪಕ್ಕಕ್ಕೆ ಸರಿದಳು. ಕೀಲಿ ತಿರುಗಿಸಿದೆ. ಕಾರು ಹಣ್ಣುಗಳನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹೊರಟು, ತೆಂಗಿನಕಾಯಿ ಸುಲಿದ ಮಟ್ಟೆಯ ರಾಶಿಯೊಳಗೆ ಅರ್ಧ ಹೂತು ನಿಂತಿತು.

ನನ್ನ ಎಡಗಾಲು ಚಿಕ್ಕಂದಿನಿಂದ ಸ್ವಾಧೀನದಲ್ಲಿಲ್ಲ. ನಮ್ಮೂರು ಹೊನ್ನವಳ್ಳಿಯಿಂದ ನಾನೇ ಓಡಿಸಿಕೊಂಡು ಎಲ್ಲಿಗಾದರೂ ಹೋಗಬೇಕೆಂದರೆ ಕ್ಲಚ್ ಇಲ್ಲದ ಈ ಆಟೊಮ್ಯಾಟಿಕ್ ಕಾರೊಂದೇ ಗತಿ. ಅದರ ಗೇರ್‌ಬಾಕ್ಸ್ ಕೆಟ್ಟಿತ್ತು. ಬದಲಿಗೆ ಸಿಕ್ಕಿದ್ದು ಹೊಸ ಮಾದರಿಯದು. ಅದಕ್ಕೆ ಕಾರಿನ ವೈರುಗಳ ಹಳೆಯ ಪ್ಲಗ್ ಕೂರಲಿಲ್ಲ. ಬೋರ್‌ವೆಲ್ ಮೋಟಾರಿನ ವೈರಿಂಗ್ ಮಾಡುವ ನಂಜುಂಡಣ್ಣ ಪ್ಲಗ್ಗನ್ನೇ ಕತ್ತರಿಸಿ, ವೈರುಗಳನ್ನು ಒಂದೊಂದಾಗಿ ಸೇರಿಸಿದ್ದರು. ಗೇರನ್ನು ಪಾರ್ಕಿನಲ್ಲಿ, ಅಂದರೆ ಗಾಡಿ ನಿಲ್ಲಿಸಿಡುವ ಸ್ಥಾನದಲ್ಲಿ ಇಟ್ಟಾಗ ಸ್ಟಾರ್ಟ್ ಆಗಬೇಕಾದ ಇಂಜಿನ್ ಮಿಸುಕಲಿಲ್ಲ. ಅವರ ಮಾತಿನಂತೆ ರಿವರ್ಸಿಗೆ ಹಾಕಿ ಕೀಲಿ ತಿರುಗಿಸಿದಾಗ, ಇಂಜಿನ್ ಸ್ಟಾರ್ಟ್ ಆದೊಡನೆ ಆದದ್ದು ಇದು.

ನಂಜುಂಡಣ್ಣ ಬೀಡಿ ಆರಿಸಿ ನಿಧಾನವಾಗಿ ಬಂದರು. "ಬೋರ್ ಮೋಟ್ರೂ ಹಿಂಗೇ ಕಣ್ರೀ. ಉಲ್ಟಾ ತಿರುಗಿದ್ರೆ ಎರಡು ವೈರ್ ಅದ್ಲುಬದ್ಲು ಮಾಡಿದ್ರಾಯ್ತು ಬುಡಿ."

ಮಾಡಿದರು. ಸರಿಹೋಯಿತು. ಇಂಜಿನ್ ಪಾರ್ಕಿನಲ್ಲೇ ಸ್ಟಾರ್ಟ್ ಆಯಿತು.

ಆಮೇಲೆ ಎಷ್ಟೋ ವರ್ಷ ಆ ಕಾರು ನನ್ನನ್ನು ತಿಪಟೂರಿಗೆ ಕರೆದೊಯ್ದು ಕರೆತಂದಿತು, ಮುಂದಕ್ಕೇ ಹೋಗಿ. ಆದರೂ ಇವತ್ತಿಗೂ ಆಯುಧಪೂಜೆಯ ದಿನ ನನ್ನ ಹೆಂಡತಿ ಚಕ್ರಗಳ ಮುಂದೊಂದು ನಿಂಬೆಹಣ್ಣಿಟ್ಟರೆ, ಹಿಂದೊಂದು ಇಡುತ್ತಾಳೆ.